ಬಿಳಿ ಬಣ್ಣ ಕೇಳಿದವರು ಯಾರು?

ವೀರಮ್ಮ ತುರುಬಿನ ಪಿನ್ನು ಕಿತ್ತು ಹೊಸ ದೇವರ ಕೋಣೆಯ ಬಾಗಿಲನ್ನು ಗೀರಿದಾಗ ಬೆಳಿಗ್ಗೆ ಏಳೂವರೆ. ಬಿಳಿ ಬಣ್ಣ ಚಕ್ಕೆಯಾಗಿ ಎದ್ದಿತು. ಅದರಡಿ ತೇಗವಿರಲಿಲ್ಲ. ಬೆರಳಿಗೆ ಹತ್ತಿದ್ದು ಕಂದು ಹುಡಿ.

"ಇದು ನಮ್ ಬಾಗ್ಲಲ್ಲ."

ಎರಡು ದಿನದಿಂದ ಅವರು ಇದನ್ನೇ ಹೇಳುತ್ತಿದ್ದರು. ಅವರ ಬಾಗಿಲೆಂದರೆ ಮುಳ್ಳೂರಿನ ಹಳೆಯ ಮನೆಯ ಜೋಡಿ ಕದ; ಅದನ್ನು ಕಿತ್ತು ತಂದು ಇಲ್ಲಿ ದೇವರ ಕೋಣೆಗೆ ಕೂರಿಸುವುದೆಂದಾಗಿತ್ತು. ಒಂದೊಂದು ಕದದ ಮೇಲೆ ಒಂದೊಂದು ಗಿಣಿಯ ಕೆತ್ತನೆ. ಎಡಗಡೆಯದು ನೇರ ನೋಡುತ್ತಿತ್ತು. ಬಲಗಡೆಯದು ಕತ್ತು ತಿರುಗಿಸಿ ಹಿಂದಕ್ಕೆ. ಕೊಳ್ಳೇಗಾಲದ ಈ ಹೊಸ ಮನೆಯಲ್ಲಿ ಬಂದು ನಿಂತ ಬಾಗಿಲಲ್ಲಿ ಎರಡು ಗಿಣಿಗಳೂ ಎದುರುಬದುರು, ಒಂದೇ ಅಚ್ಚು.

"ಎಣ್ಣೆ, ಮಸಿ ಹಿಡಿದಿತ್ತಲ್ಲ ಅತ್ತೆ, ನಿಮಗೆ ಸರಿಯಾಗಿ ಕಂಡಿರಲ್ಲ" ಎಂದಿದ್ದಳು ಸೊಸೆ ಕೋಮಲ. "ವಯಸ್ಸಾಯ್ತು ಕಣವ್ವ, ಬುಡು" ಎಂದಿದ್ದ ಮಗ ಶಿವಕುಮಾರಸ್ವಾಮಿ.

ವೀರಮ್ಮ ಈ ಸಲ ಯಾರಿಗೂ ಏನೂ ಹೇಳಲಿಲ್ಲ. ಆ ಹುಡಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಆಟೋ ಹತ್ತಿ ನೇರ ಪೊಲೀಸ್ ಠಾಣೆಗೆ ಹೋದರು.

ಠಾಣೆಯಲ್ಲಿ ಆ ಹೊತ್ತಿಗೆ ಇದ್ದದ್ದು ಎ.ಎಸ್.ಐ. ವಸಂತಮ್ಮ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವರು ಬೈಕು, ಹಸು, ರೇಷ್ಮೆಗೂಡು, ಕೊನೆಗೆ ಬೋರ್‌ವೆಲ್ಲಿನ ಕೇಬಲ್ಲು ಕಳುವಾದ ದೂರುಗಳನ್ನೆಲ್ಲ ಬರೆದುಕೊಂಡಿದ್ದರು. ಬಾಗಿಲೇ ಬದಲಾಗಿದೆ ಎಂಬ ದೂರು ಇದೇ ಮೊದಲು.

"ಬೆಲೆ ಬಾಳೋದಾ ಅಮ್ಮಾ?"

"ಬೆಲೆ ನಂಗ್ ಗೊತ್ತಿಲ್ಲ ಕಣವ್ವ. ಮದ್ವೆಯಾಗಿ ನಾನ್ ಒಳೀಕ್ ಬಂದದ್ದು ಆ ಬಾಗ್ಲಲ್ಲಿ. ನಮ್ ಯಜಮಾನ್ರ ಎಣ ಆಚ್ಗೆ ಓದದ್ದೂ ಆ ಬಾಗ್ಲಲ್ಲೇ. ಅದನ್ನ ಕೀಳ್ಬೇಡಿ ಅಂದೆ. ಕೇಳ್ನಿಲ್ಲ."

ಅಷ್ಟರಲ್ಲಿ ಶಿವಕುಮಾರಸ್ವಾಮಿ ಏದುಸಿರು ಬಿಡುತ್ತ ಬಂದ. ತಾಯಿಯ ಪಕ್ಕದ ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಮಾತಾಡಿದ.

"ಇದು ಬಡಗಿ ಗೋವಿಂದಯ್ಯನ ಕೆಲಸ ಮೇಡಂ. ಬೇರೆ ಯಾರ ಕೈಗೂ ಬಾಗಿಲು ಹೋಗಿಲ್ಲ. ಮುಳ್ಳೂರಿಂದ ನಾನೇ ಪಿಕಪ್‌ನಲ್ಲಿ ತಂದು ಅವನ ಶೆಡ್ ಮುಂದೆ ಇಳಿಸಿದೆ."

"ಯಾವತ್ತು?"

"ಎರಡನೇ ತಾರೀಕು, ಮಧ್ಯಾಹ್ನ."

"ಅವರ ಕೈಗೆ ಕೊಟ್ರಾ?"

"ಊಟಕ್ಕೆ ಹೋಗಿದ್ದ. ಗೋಡೆಗೆ ಒರಗಿಸಿ ಬಂದೆ."

ಹನ್ನೊಂದು ಗಂಟೆಗೆ ಗೋವಿಂದಯ್ಯನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದರು. ಅರವತ್ತು ದಾಟಿದ ಮನುಷ್ಯ. ಅಂಗಿಯ ಕಾಲರಿನಲ್ಲಿ ಇನ್ನೂ ಮರದ ಹೊಟ್ಟು.

"ಹಳೇ ಬಾಗಿಲು ಎಲ್ಲಿ ಮಾರಿದ್ರಿ?"

"ಅಳೇ ಬಾಗ್ಲಾ? ನಾನು ಅದ ಕಣ್ಣಲ್ಲೇ ಕಂಡಿಲ್ಲ ಮೇಡಮ್ನೋರೆ! ನನ್ ಶೆಡ್ಡಿಗೆ ಬಂದದ್ದೇ ಬಿಳೀ ಬಾಗ್ಲು. ಪ್ಲಾಸ್ಟಿಕ್ ಸುತ್ತಿತ್ತು. ಗೂಡ್ಸ್ ಆಟೋದವ್ನು ಇಳಿಸ್ಬುಟ್ಟು ಓದ. ಅನ್ನೊಂದ್ನೇ ತಾರೀಕು."

"ಅದು ಮರ ಅಲ್ಲ ಅಂತ ನಿಮಗೆ ಗೊತ್ತಾಗಲಿಲ್ವಾ?"

"ಗೊತ್ತಾಗ್ದೆ ಏನು? ಮಿಷನ್ನಲ್ಲಿ ಕೊರ್ದಿರೋ ಎಂಡಿಎಫ್ಫು, ಮರದ ಪುಡಿ ಒತ್ತಿ ಮಾಡೋ ಅಲಗೆ. ಬಿಳೀ ಮನ್ಗೆ ಬಿಳೀ ಬಾಗ್ಲು ತಂದವ್ರೆ ಅಂದ್ಕಂಡು ಕೀಲು ಕೂರ್ಸಿ ಬಂದೆ. ಅಳೇದು ಇಂಗಿತ್ತು, ಅಂಗಿತ್ತು ಅಂತ ನಂಗ್ ಯಾರ್ ಏಳಿದ್ರು?"

"ಎರಡನೇ ತಾರೀಕು ಒಂದು ಬಾಗಿಲು ನಿಮ್ಮ ಶೆಡ್ ಮುಂದೆ ಇತ್ತಂತಲ್ಲ?"

"ಇರ್ನಿಲ್ಲ."

"ಅವರು ಇಟ್ಟೆ ಅಂತಾರೆ."

"ಇರ್ನಿಲ್ಲ ಮೇಡಮ್ನೋರೆ. ಇನ್ನೆಷ್ಟ್ ಸಲ ಏಳ್ಲಿ?"

ಒಬ್ಬನ ಮಾತಿಗೆ ಇನ್ನೊಬ್ಬನ ಮಾತು ಅಡ್ಡ. ಸಾಕ್ಷಿ ಯಾರೂ ಇಲ್ಲ. ಶೆಡ್ಡಿನ ಸುತ್ತಮುತ್ತ ಕ್ಯಾಮೆರಾ ಇರುವ ಒಂದೇ ಒಂದು ಅಂಗಡಿಯಲ್ಲಿ ಅದು ಕೆಟ್ಟು ವರ್ಷವಾಗಿತ್ತು. ವಸಂತಮ್ಮ ಬಿಸಿಲಿನಲ್ಲಿ ಎರಡು ಸಲ ಆ ಬೀದಿ ಅಲೆದು ಬರಿಗೈಯಲ್ಲಿ ಬಂದರು. ಠಾಣೆಯ ಇನ್‌ಸ್ಪೆಕ್ಟರ್ ಸಾಹೇಬರು ಮಾತ್ರ ಫೋನಿನಲ್ಲಿ, "ಒಂದು ಬಾಗಿಲಿಗೆ ಎಷ್ಟು ದಿನ ಅಮ್ಮಾ? ಬಡಗಿ ಮೇಲೆ ಬರೆದು ಮುಗಿಸಿ" ಎಂದರು.

ಮೂರನೆಯ ದಿನ ಅವರು ಆ ಹೊಸ ಮನೆಯ ಡಿಸೈನರ್ ನಿರಂಜನ್ ಆಫೀಸಿಗೆ ಹೋದರು. ಸತ್ತೇಗಾಲದ ಕಡೆಯ ಹುಡುಗ, ಮೈಸೂರಿನಲ್ಲಿ ಓದಿ ಬಂದವನು. ಗೋಡೆ ತುಂಬ ಮನೆಗಳ ಚಿತ್ರ.

"ಬಾಗಿಲಿನ ವಿಷಯ ಹೇಳಿ."

"ಮೊದಲು ಮನೆಯ ಸ್ಟೈಲ್ ಹೇಳ್ತೀನಿ ಮೇಡಂ, ಆಗ ಅರ್ಥ ಆಗುತ್ತೆ. ಸ್ಕ್ಯಾಂಡಿನೇವಿಯನ್. ಬಿಳಿ ಗೋಡೆ, ತಿಳಿ ಮರ, ಸಾಮಾನು ಕಡಿಮೆ, ಬೆಳಕು ಜಾಸ್ತಿ. ಮಿನಿಮಲಿಸ್ಟ್‌ಗೂ ಇದಕ್ಕೂ ವ್ಯತ್ಯಾಸ ಏನಂದ್ರೆ—"

"ಬಾಗಿಲು!"

"ಬಂದೆ ಬಂದೆ. ಜನಕ್ಕೆ ಒಂದು ಸ್ಟೈಲ್‌ನಲ್ಲಿ ನಿಲ್ಲೋಕೆ ಆಗಲ್ಲ ಮೇಡಂ, ಅದೇ ನನ್ನ ಗೋಳು. ಯಳಂದೂರಿನ ರುದ್ರಸ್ವಾಮಿ ಅನ್ನೋರು ಇಂಡಸ್ಟ್ರಿಯಲ್ ಬೇಕು ಅಂದ್ರು. ಸಿಮೆಂಟ್ ಗೋಡೆ ಹಾಗೇ ಬಿಟ್ಟೆ. ಈಗ ಅವರ ಅತ್ತೆ ಬಂದು, 'ಗೋಡೆಗೆ ಸುಣ್ಣ ಯಾವಾಗ' ಅಂತಾರೆ! ಈ ಮನೆಯದೂ ಅದೇ ಕತೆ. ಮೊದಲು ತೇಗಕ್ಕೆ ಪಾಲಿಶ್ ಮಾತ್ರ ಅಂದ್ರು, ಆಮೇಲೆ ಕೋಮಲ ಮೇಡಂಗೆ ಬಿಳಿ ಬೇಕಂತೆ. ಚೆಂದದ ಕೆತ್ತನೆಗೆ ಬಿಳಿ ಬಳಿಯೋದಾ? ಎದೆ ಉರೀತು. ಆದ್ರೆ ಕ್ಲೈಂಟ್ ಹೇಳಿದ್ಮೇಲೆ ಏನ್ ಮಾಡೋದು?"

ವಸಂತಮ್ಮ ಬರೆದುಕೊಂಡರು. ಅವರ ತಲೆ ಸಿಡಿಯುತ್ತಿತ್ತು. ಅಲ್ಲಿಂದ ಕೋಮಲಳ ಮನೆಗೆ.

ಬಿಳಿ ಗೋಡೆ, ಬೂದು ಸೋಫಾ, ಒಂದೇ ಒಂದು ಗಿಡ. ಬೂಟು ಕಳಚಿ ಒಳಗೆ ಹೋದ ವಸಂತಮ್ಮನಿಗೆ ತಮ್ಮ ಖಾಕಿಯೇ ಆ ಮನೆಯಲ್ಲಿ ಕಲೆಯಂತೆ ಕಂಡಿತು.

"ಹಳೇ ಬಾಗಿಲು ನಿಮಗೆ ಇಷ್ಟ ಇರಲಿಲ್ಲ ಅಂತ ಕೇಳಿದೆ."

"ಯಾರು ಹೇಳಿದ್ದು?" ಕೋಮಲಳ ಮುಖ ಕೆಂಪಾಯಿತು. "ಎಲ್ಲರೂ ನನ್ನನ್ನೇ ನೋಡ್ತಾರೆ. ಈ ಬಿಳಿ ಮನೆ ನಾನು ಆಸೆಪಟ್ಟು ಮಾಡಿಸಿದ್ದು, ನಿಜ. ಮುಳ್ಳೂರಿನ ಮನೆಯಲ್ಲಿ ಹನ್ನೆರಡು ವರ್ಷ ಕತ್ತಲೆಯಲ್ಲಿ ಅಡುಗೆ ಮಾಡಿದ್ದೀನಿ ಮೇಡಂ. ನನಗೂ ಒಂದು ಬೆಳಕಿನ ಮನೆ ಬೇಡವಾ? ಈ ಡಿಸೈನರ್ ಬೇರೆ, ಇವತ್ತೊಂದು ನಾಳೆಯೊಂದು. ಮೊದಲು ಪಾಲಿಶ್ ಅಂದ, ಆಮೇಲೆ ಬಿಳಿ ಅಂದ. ಕೇಳಿ ಕೇಳಿ ಸಾಕಾಯ್ತು."

ಅದನ್ನೂ ಬರೆದುಕೊಂಡರು. ಮನೆ ಕಟ್ಟುವವರ ಮಾಮೂಲಿ ಜಗಳ. ಬಾಗಿಲು ಎಲ್ಲಿ ಎಂಬುದಕ್ಕೆ ಉತ್ತರ ಮಾತ್ರ ಎಲ್ಲೂ ಇಲ್ಲ.

ಠಾಣೆಗೆ ಮರಳಿದರೆ ಗೋವಿಂದಯ್ಯ ಅದೇ ಬೆಂಚಿನ ಮೇಲೆ. ದಿನವೂ ಬಂದು ಕೂರಬೇಕೆಂದು ಹೇಳಿದ್ದರು.

"ಮೇಡಮ್ನೋರೆ, ಯಳಂದೂರಿಂದ ಫೋನ್ ಬಂದಿತ್ತು. ರುದ್ರಸ್ವಾಮಿ ಮನೇದು. ಅಡ್ಗೆಮನೆ ಕಪಾಟು ಒಪ್ಕಂಡಿದ್ದೆ. ಕಳ್ಳನ ಕೈಲಿ ಕೆಲ್ಸ ಬ್ಯಾಡ ಅಂದ್ರು."

ವಸಂತಮ್ಮನಿಗೆ ತಲೆಯೆತ್ತಿ ಅವನ ಮುಖ ನೋಡಲಾಗಲಿಲ್ಲ. ಸಾಹೇಬರು ಸಂಜೆಯೊಳಗೆ ರಿಪೋರ್ಟು ಕೇಳಿದ್ದರು. ಹೇಳಿಕೆಗಳನ್ನು ಮುಂದಿಟ್ಟುಕೊಂಡು ಬರೆಯಲು ಕೂತರು. 'ಸದರಿ ಗೋವಿಂದಯ್ಯನು ಅಸಲಿ ಬಾಗಿಲನ್ನು ಬದಲಿಸಿ, ನಕಲಿಗೆ ಬಿಳಿ ಬಣ್ಣ ಬಳಿದು—'

ಪೆನ್ನು ನಿಂತಿತು.

ಬಿಳಿ ಬಣ್ಣ. ಗೋವಿಂದಯ್ಯ ಯಾಕೆ ಬಿಳಿ ಬಳಿಯುತ್ತಾನೆ? ಯಾರಾದರೂ ಬಿಳಿ ಬೇಕೆಂದು ಹೇಳಿದ್ದರೆ ತಾನೇ? ಹೇಳಿದವರು ಯಾರು? ಅವರು ಹಾಳೆಗಳನ್ನು ಹಿಂದಕ್ಕೆ ತಿರುವಿದರು. ನಿರಂಜನ್ ಹೇಳಿದ್ದು: ಕೋಮಲ ಕೇಳಿದಳು. ಕೋಮಲ ಹೇಳಿದ್ದು: ನಿರಂಜನ್ ಕೇಳಿದ.

ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಆದರೆ ಇಬ್ಬರೂ ಸುಳ್ಳು ಹೇಳಿದಂತೆಯೂ ಇರಲಿಲ್ಲ. ಇಬ್ಬರಿಗೂ ನಿಜವಾಗಿಯೇ ಸಿಟ್ಟು ಬಂದಿತ್ತು.

ನಿರಂಜನ್‌ಗೆ ಫೋನ್ ಮಾಡಿದರು. ಒಂದೇ ಪ್ರಶ್ನೆ. ಉತ್ತರ ಕೇಳಿ ಪೆನ್ನಿಗೆ ಕ್ಯಾಪು ಹಾಕಿ ಎದ್ದರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಕೋಮಲಳ ಮನೆಯ ಆ ಬಿಳಿ ಹಾಲಿನಲ್ಲಿ ಸೇರಿದರು. ವೀರಮ್ಮ ಸೋಫಾ ಬಿಟ್ಟು ನೆಲದ ಮೇಲೆ ಕೂತರು. ಗೋವಿಂದಯ್ಯ ಬಾಗಿಲ ಬಳಿ ನಿಂತ.

"ಕೋಮಲ ಅವರೇ, ಬಾಗಿಲಿಗೆ ಬಿಳಿ ಬಣ್ಣ ಬೇಕು ಅಂತ ನೀವು ಕೇಳಿದ್ರಾ?"

"ಇಲ್ಲವಲ್ಲ! ಇಡೀ ಬಿಳಿ ಹಾಲಿನಲ್ಲಿ ಆ ಒಂದು ತೇಗದ ಬಾಗಿಲು ಎದ್ದು ಕಾಣಬೇಕು ಅಂತ ನಾವು ಪ್ಲಾನ್ ಮಾಡಿದ್ದೇ ಹಾಗೆ. ನಿರಂಜನ್ ಬದಲಾಯಿಸಿದ್ರು."

"ನಾನಾ?" ನಿರಂಜನ್ ಎದ್ದೇ ನಿಂತ. "ನೀವು ಹೇಳಿಕಳಿಸಿದ್ರಿ!"

"ನಾನು ಯಾವಾಗ?"

"ಕೂತ್ಕೊಳಿ," ಎಂದರು ವಸಂತಮ್ಮ. "ಕೋಮಲ ಅವರೇ, ನಿರಂಜನ್ ಬಿಳಿ ಅಂದ್ರು ಅಂತ ನಿಮಗೆ ಹೇಳಿದ್ದು ಯಾರು?"

ಕೋಮಲ ಬಾಯಿ ತೆರೆದವಳು ಹಾಗೇ ಗಂಡನ ಕಡೆ ತಿರುಗಿದಳು.

"ನಿರಂಜನ್, ಕೋಮಲ ಬಿಳಿ ಕೇಳಿದ್ರು ಅಂತ ನಿಮಗೆ ಹೇಳಿದ್ದು?"

"ಸಾರ್ ಮೆಸೇಜ್ ಮಾಡಿದ್ರು. ನಿನ್ನೆಯೇ ಹೇಳಿದ್ನಲ್ಲ." ಫೋನು ತೆಗೆದು ಓದಿದ. "'ಬಾಗಿಲಿಗೆ ಪಾಲಿಶ್ ಬೇಡವಂತೆ, ಬಿಳಿಯೇ ಬೇಕಂತೆ, ಬಣ್ಣ ನಾನೇ ಹೊಡೆಸ್ತೀನಿ.' ಎರಡನೇ ತಾರೀಕು, ಸಂಜೆ ಐದೂ ಹತ್ತು."

"ಮುಳ್ಳೂರಿಂದ ಬಾಗಿಲು ಹೊರಟ ದಿನ," ಎಂದರು ವಸಂತಮ್ಮ. "ಮೂರು ದಿನ ನಾನು ಬಾಗಿಲು ಯಾರ ಕೈಯಲ್ಲಿತ್ತು ಅಂತ ಕೇಳ್ತಾ ಅಲೆದೆ. ಕೇಳಬೇಕಿದ್ದದ್ದು ಬಣ್ಣದ ವಿಷಯ. ತೇಗದ ಬಾಗಿಲು ಇದ್ದವರಿಗೆ ಬಣ್ಣ ಬೇಕಿಲ್ಲ. ಬಣ್ಣ ಬೇಕಾಗಿದ್ದು ಮರ ಇಲ್ಲ ಅಂತ ಗೊತ್ತಿದ್ದವರಿಗೆ. ಈ ಮನೆಯಲ್ಲಿ ಬಿಳಿ ಯಾರೂ ಕೇಳಿರಲಿಲ್ಲ, ಶಿವಕುಮಾರಸ್ವಾಮಿ. ಇವರಿಗೆ ನಿರಂಜನ್ ಹೆಸರು ಹೇಳಿ, ನಿರಂಜನ್‌ಗೆ ಇವರ ಹೆಸರು ಹೇಳಿದ್ದು ನೀವು. ಗೋವಿಂದಯ್ಯನ ಶೆಡ್ಡಿಗೆ ನೀವು ಎರಡನೇ ತಾರೀಕು ಏನೂ ತಂದಿಲ್ಲ. ಬಾಗಿಲು ಎಲ್ಲಿದೆ?"

ಶಿವಕುಮಾರಸ್ವಾಮಿ ಸೋಫಾದ ಅಂಚಿನಲ್ಲಿ ಕೂತ.

"ಮುಳ್ಳೂರಲ್ಲೇ ಇದೆ. ರೇಷ್ಮೆ ಹುಳ ಸಾಕೋ ಮನೇಲಿ, ಗೂಡು ಕಟ್ಟಿಸೋ ಚಂದ್ರಿಕೆಗಳ ಹಿಂದೆ. ಪಿಕಪ್‌ನಿಂದ ಬಿದ್ದೋಯ್ತು ಮೇಡಂ. ಇಬ್ರು ಆಳು ಕರ್ಕೊ, ಕೆಳ್ಗೆ ಆಸಿಗೆ ಆಸಿ ಕಟ್ಟು ಅಂತ ಅವ್ವ ಏಳಿದ್ಳು. ನಾನೊಬ್ನೇ ಕಟ್ಟಿದೆ. ತಿರುವಲ್ಲಿ ಅಗ್ಗ ಬಿಚ್ಕಂತು. ಇಂದೆ ಬತ್ತಿದ್ದ ಟಿಪ್ಪರ್ ಅದ್ರ ಮೇಲೇ ಅರೀತು." ಪೇಟೆಯ ಮಾತು ಅವನ ನಾಲಗೆಯಿಂದ ಜಾರಿಹೋಗಿತ್ತು. "ಒಂದ್ ಗೀರೂ ಬೀಳಲ್ಲ ಅಂತ ಅವ್ವಂಗೆ ಮಾತು ಕೊಟ್ಟಿದ್ದೆ. ನಿರಂಜನ್ ತೆಗ್ದಿದ್ದ ಫೋಟೋ ಇತ್ತು, ಎಡಗಡೇದು ಒಂದೇ. ಮೈಸೂರಲ್ಲಿ ಒಂದು ಅಂಗಡೀಲಿ ಕೊರೆಸ್ದೆ. ಬಲಗಡೇಗೂ ಅದ್ನೇ ತಿರುಗ್ಸಿ ಕೊರ್ದವ್ರೆ."

ವೀರಮ್ಮ ನೆಲಕ್ಕೆ ಕೈಯೂರಿ ಎದ್ದರು. ಮಗನ ಮುಂದೆ ಬಂದು ನಿಂತರು.

"ಬಾಗ್ಲು ಮುರೀತಾ? ಮುರೀಲಿ ಕಣ್ಲಾ. ನಾನೇನ್ ನಿನ್ನ ನುಂಗ್ತಿದ್ನಾ? ಎಲ್ಡ್ ದಿನ ಅಳ್ತಿದ್ದೆ, ಸುಮ್ಗಾಗ್ತಿದ್ದೆ." ಗೋವಿಂದಯ್ಯನ ಕಡೆ ಕೈ ತೋರಿಸಿದರು. "ಈ ಮನ್ಸ ಮೂರ್ ದಿನ ಠಾಣೇಲಿ ಕೂತವ್ನೆ. ಆಗ ಎಲ್ಲಿಗ್ ಓಗಿತ್ಲಾ ನಿನ್ ಬಾಯಿ?"



ವಸಂತಮ್ಮನಿಗೆ ಪತ್ತೆಯಾಯಿತೆಂಬ ಸಮಾಧಾನ ಒಂದಿಷ್ಟೂ ಬರಲಿಲ್ಲ. ಗೋವಿಂದಯ್ಯನಿಗೆ ಬೆಂಚು ತೋರಿಸಿ 'ಕೂತ್ಕೊಳಿ' ಎಂದವರು ತಾವೇ. "ಪೊಲೀಸರಿಗೆ ಸುಳ್ಳು ಹೇಳಿ ಇನ್ನೊಬ್ಬರ ಮೇಲೆ ಹಾಕಿದ್ದಕ್ಕೆ ಕಾನೂನು ಬೇರೆ ಇದೆ, ಅದು ಆಮೇಲೆ," ಎಂದರು. "ಮೊದಲು ಯಳಂದೂರಿನ ರುದ್ರಸ್ವಾಮಿಗೆ ಫೋನ್ ಮಾಡಿ. ಇವರನ್ನ ಕಳ್ಳ ಅಂತ ಕೆಲಸ ಬಿಡಿಸಿದ್ದಾರೆ. ಎಲ್ಲರಿಗೂ ಕೇಳೋ ಹಾಗೆ."

ನಿರಂಜನ್ ಕೊಟ್ಟ ನಂಬರಿಗೆ ಶಿವಕುಮಾರಸ್ವಾಮಿ ಫೋನ್ ಮಾಡಿದ. ಆ ಕಡೆ ರುದ್ರಸ್ವಾಮಿ ಎತ್ತಿದರು.

"ಸಾ, ಆ ಗೋವಿಂದಯ್ಯನ ವಿಷಯ... ಒಂದು ತಪ್ಪು ತಿಳುವಳಿಕೆ ಆಗಿತ್ತು—"

"ತಿಳುವಳಿಕೆ ಅಲ್ಲ," ಎಂದರು ವಸಂತಮ್ಮ. "ಆದದ್ದನ್ನ ಹೇಳಿ."

"ನಾನ್ ಪೊಲೀಸ್ನೋರ್ಗೆ ಸುಳ್ ಏಳಿದ್ದೆ ಸಾ. ಅವ್ನು ಏನೂ ಕದ್ದಿಲ್ಲ."

ಆ ಕಡೆಯಿಂದ ಮಾತು ಬಂತು: "ಅಯ್ಯೋ, ಮೊದ್ಲೇ ಏಳ್ಬಾರ್ದಾ ಸ್ವಾಮಿ? ನೆನ್ನೆನೇ ಬೇರೆಯೋರು ಬಂದು ಕೆಲ್ಸ ಇಡ್ದವ್ರೆ. ಈಗ ಅವ್ರನ್ನ ಎಂಗೆ ಬ್ಯಾಡ ಅನ್ನಾದು?"

ಫೋನು ಕಟ್ಟಾಯಿತು. ಗೋವಿಂದಯ್ಯ ತಲೆಯಾಡಿಸಿದ, ಇದು ಗೊತ್ತಿದ್ದದ್ದೇ ಎಂಬಂತೆ. ಹೊಸಿಲಾಚೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡ.

"ಗೋವಿಂದಯ್ಯ," ವೀರಮ್ಮ ಕೂಗಿದರು. "ಆ ಮುರಿದ ಅಲಗೆಗೋಳ್ನ ಒಂದ್ ಸಲ ಬಂದು ನೋಡಪ್ಪ. ನಿನ್ ಕೈಲಿ ಏನಾದ್ರೂ ಆದಾತಾ?"

"ಈಗ್ಲೇ ಬ್ಯಾಡಿ ಅವ್ವಾ," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. "ಈ ಮನೇವ್ರ ಕೆಲ್ಸ ಮುಟ್ಟಕೆ ಇನ್ನೊಂದ್ ನಾಕ್ ದಿನ ಆಗ್ಬೇಕು."

ವಸಂತಮ್ಮ ಅವನ ಹಿಂದೆಯೇ ಬೀದಿಗೆ ಬಂದರು. "ಬನ್ನಿ, ಜೀಪಿದೆ. ಶೆಡ್ ತನಕ ಬಿಡ್ತೀನಿ."

"ಬ್ಯಾಡಿ ಮೇಡಮ್ನೋರೆ. ಜೀಪಿಂದ ಇಳಿಯೋದ ಕಂಡ್ರೆ ಬೀದಿಯೋರು ಮತ್ತೊಂದ್ ಕತೆ ಕಟ್ತರೆ."

ಅವನು ಬಿಸಿಲಿನಲ್ಲಿ ನಡೆದುಹೋದ. ವಸಂತಮ್ಮ ಜೀಪಿನ ಬಾಗಿಲು ಹಿಡಿದು ನಿಂತವರು ಕೂಗಿ ಕ್ಷಮೆ ಕೇಳಬೇಕೆಂದುಕೊಂಡರು. ಅಷ್ಟರಲ್ಲಿ ಅವನು ತಿರುವು ದಾಟಿದ್ದ.