ಎರಡನೇ ಚೌಕಟ್ಟು

"ಕುರಿ ಕಾಯೋನಿಗೆ ಪೇಟ ಸುತ್ತಿ ಪೊಲೀಸ್ ಅಂತ ಕಳಿಸಿದ್ದೀರಿ. ಅವನ ಕೈಗೆ ಗುಂಡಿನ ಮದ್ದು ಸಿಕ್ಕಿದರೆ ಉಳಿಯುತ್ತಾ, ಇನ್ಸ್‌ಪೆಕ್ಟರೇ?"

1943ರ ನವೆಂಬರ್ 9, ಮಂಗಳವಾರ ಬೆಳಗ್ಗೆ ಕೊರಟಗೆರೆ ಠಾಣೆಯ ಜಗಲಿಯ ಮೇಲೆ ಈ ಮಾತು ಬಿತ್ತು. ಆಡಿದವರು ವೆಂಕಟರಾಮಯ್ಯ. ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿದ್ದ ಗುಂಡು ಪರೀಕ್ಷೆಯ ಶಿಬಿರಕ್ಕೆ ಬೆಂಗಳೂರಿನಿಂದ ಬಂದಿದ್ದ ಅಧಿಕಾರಿ. ಅವರು ಬೆರಳು ತೋರಿಸಿದ್ದು ಶಿಬಿರದ ಕಾವಲಿಗೆ ಹಾಕಿದ್ದ ಕಾನ್‌ಸ್ಟೇಬಲ್ ಓಬಯ್ಯನ ಕಡೆಗೆ. ಜಗಲಿ ತುಂಬ ದೂರು ಹೇಳಲು ಬಂದ ಜನ ಕೂತಿದ್ದರು. ಒಬ್ಬಿಬ್ಬರು ನಕ್ಕರು. ಓಬಯ್ಯ ಗೋಡೆ ನೋಡುತ್ತ ನಿಂತಿದ್ದ.

"ಕೂತ್ಕೊಂಡು ಹೇಳಿ," ಅಂದರು ಇನ್ಸ್‌ಪೆಕ್ಟರ್ ನಂದೀಶ್ವರಯ್ಯ.

ಸೈನ್ಯಕ್ಕೆ ಹೋಗಬೇಕಾದ ರೈಫಲ್ ಗುಂಡುಗಳ ವೇಗ ಅಳೆಯುವುದು ಶಿಬಿರದ ಕೆಲಸ. ಮೂರು ವಾರವಾದರೂ ಲೆಕ್ಕ ಕೂಡುತ್ತಿರಲಿಲ್ಲ. ಒಂದು ದಿನ ವೇಗ ಕಮ್ಮಿ, ಇನ್ನೊಂದು ದಿನ ಜಾಸ್ತಿ. ತೋಟಾ ಬಿಚ್ಚಿ ಮದ್ದು ಕದಿಯುತ್ತಿದ್ದಾರೆ ಎಂಬುದು ದೂರು.

"ಕೊಟ್ಟಿದ್ದು ಮುನ್ನೂರು ಗುಂಡು. ಇನ್ನೂರೈವತ್ತು ಹಾರಿಸಿ ಆಯ್ತು. ಶನಿವಾರದೊಳಗೆ ನಂಬೋ ಅಂಥ ಅಳತೆ ಕಳಿಸದೇ ಇದ್ದರೆ ಶಿಬಿರ ಕಿತ್ತು ಬೇರೆ ಜಿಲ್ಲೆಗೆ ಹೋಗಬೇಕು ಅಂತ ತಂತಿ ಬಂದಿದೆ."

"ಅನುಮಾನ ಯಾರ ಮೇಲೆ?"

"ಕಾವಲಿರೋರು ಇಬ್ಬರು. ರುದ್ರಯ್ಯ ಮರ್ಯಾದಸ್ಥರ ಮನೆಯೋನು. ಇವನು ಹಟ್ಟಿಯೋನು. ನೀವೇ ಹೇಳಿ."

ನಂದೀಶ್ವರಯ್ಯ ಕಾಗದ ಮುಂದಕ್ಕೆ ಎಳೆದುಕೊಂಡರು. ಎಫ್.ಐ.ಆರ್. ಬರೆದರು. ಆರೋಪಿಯ ಹೆಸರಿನ ಜಾಗ ಖಾಲಿ ಬಿಟ್ಟರು.

ಮಧ್ಯಾಹ್ನ ದಫೇದಾರ್ ಚನ್ನಮಲ್ಲಯ್ಯನ ಜೊತೆ ಅವರು ಸ್ಥಳಕ್ಕೆ ಹೋದರು. ಅದು ಕುರಿ ಕಾಯುವವರ ಕರೇಹಟ್ಟಿಗೆ ಸೇರಿದ ಗೋಮಾಳ. ಗೋಮಾಳ ಅಂದರೆ ದನಕುರಿಗಳದ್ದು. ಅಮಲ್ದಾರರ ಒಂದು ರುಜು ಬಿದ್ದ ಮೇಲೆ ಅದು ಗುಂಡುಗಳದ್ದಾಗಿತ್ತು. ಹಟ್ಟಿಯವರನ್ನು ಕೇಳಿದವರಿಲ್ಲ. ಕೇಳುವ ವಾಡಿಕೆಯೂ ಇರಲಿಲ್ಲ.

ಬೆಟ್ಟದ ಕಡೆಗೆ ಗುರಿಯಿಟ್ಟ ಒಂದು ರೈಫಲನ್ನು ಮರದ ಹಲಗೆಗೆ ಬಿಗಿದಿದ್ದರು. ಅದರ ಮುಂದೆ ಸಣ್ಣ ತಾಮ್ರದ ತಂತಿ ಹೆಣೆದ ಒಂದು ಚೌಕಟ್ಟು, ದೂರದಲ್ಲಿ ಅಂಥದೇ ಇನ್ನೊಂದು. ಎರಡರಿಂದಲೂ ತಂತಿ ಎಳೆದು ಡೇರೆಯೊಳಗಿನ ಯಂತ್ರಕ್ಕೆ ಸೇರಿಸಿತ್ತು. ಅದರ ಹೆಸರು ಕ್ರೋನೋಗ್ರಾಫ್.

"ಇದಕ್ಕೆ ವೇಗ ಹೇಗೆ ತಿಳಿಯುತ್ತೆ?" ನಂದೀಶ್ವರಯ್ಯ ವೆಂಕಟರಾಮಯ್ಯನವರನ್ನು ಕೇಳಿದರು.

"ಗುಂಡು ಮೊದಲನೇ ಚೌಕಟ್ಟಿನ ತಂತಿ ಕಡಿದ ಕೂಡಲೇ ಈ ಉದ್ದದ ಸರಳು ಅಯಸ್ಕಾಂತದಿಂದ ಕಳಚಿ ಬೀಳುತ್ತೆ. ಎರಡನೇದು ಕಡಿದಾಗ ಗಿಡ್ಡ ಸರಳು ಬಿದ್ದು ಚಾಕು ಚಿಮ್ಮಿಸುತ್ತೆ. ಚಾಕು ಉದ್ದದ ಸರಳಿಗೆ ಗೀರು ಹಾಕುತ್ತೆ. ಗೀರು ಬಿದ್ದ ಜಾಗ ನೋಡಿದರೆ ಹಿಡಿದ ಹೊತ್ತು ಗೊತ್ತಾಗುತ್ತೆ. ದೂರಾನ ಹೊತ್ತಿನಿಂದ ಭಾಗಿಸಿದರೆ ವೇಗ."

ಕೊರಟಗೆರೆ ಪೇಟೆಯ ಅಕ್ಕಸಾಲಿಗನ ತಕ್ಕಡಿ ತರಿಸಿದರು. ಪಂಚರ ಎದುರಿನಲ್ಲಿ ಬೇರೆ ಬೇರೆ ಪೆಟ್ಟಿಗೆಗಳಿಂದ ಹತ್ತು ತೋಟಾ ತೆಗೆದು, ಇಕ್ಕಳದಿಂದ ಬಿಚ್ಚಿ, ಮದ್ದು ತೂಗಿಸಿದರು. ಹತ್ತೂ ಒಂದೇ ತೂಕ. ಮದ್ದು ಕಳುವಾಗಿಲ್ಲ ಎಂದು ಪಂಚನಾಮೆ ಆಯಿತು.

"ಹಾಗಾದರೆ ಬ್ಯಾಟರಿ ಕೆಟ್ಟಿರಬೇಕು," ಅಂದರು ವೆಂಕಟರಾಮಯ್ಯ. ಬೆಳಗಿನ ಮಾತಿಗೆ ತಪ್ಪಾಯಿತು ಅನ್ನಲಿಲ್ಲ.

ಹೊಸ ಬ್ಯಾಟರಿ ಹಾಕಿ ಹತ್ತು ಗುಂಡು ಹಾರಿಸಿದರು. ಹತ್ತರ ವೇಗವೂ ಹೆಚ್ಚುಕಮ್ಮಿ ಒಂದೇ. ಮರುದಿನ ಬೆಳಗ್ಗೆ ಮತ್ತೆ ಹತ್ತು. ಅವೂ ಒಂದಕ್ಕೊಂದು ಹೊಂದಿದವು. ಆದರೆ ಹಿಂದಿನ ದಿನಕ್ಕಿಂತ ಹತ್ತೂ ಕಮ್ಮಿ.

ನಂದೀಶ್ವರಯ್ಯ ಕೇಳಿದರು: "ಹಗಲೆಲ್ಲ ಹೊಂದುತ್ತೆ, ರಾತ್ರಿ ಕಳೆದರೆ ಕೆಡುತ್ತೆ. ದೂರ ಅಂದಿರಲ್ಲ, ಅದನ್ನ ದಿನಾ ಅಳೀತೀರಾ?"

"ಗೂಟ ಹೊಡೆದಿದ್ದೀನಿ ರೀ. ಬಂದ ದಿನವೇ ಅಳೆದಾಯ್ತು. ಭೂಮಿ ಬೆಳೆಯುತ್ತಾ?"

"ಇನ್ನೊಂದು ಸಲ ಅಳೆಯಿರಿ."

ಉಕ್ಕಿನ ಟೇಪು ಎಳೆದರು. ಎರಡನೇ ಚೌಕಟ್ಟು ಇರಬೇಕಾದ ಜಾಗಕ್ಕಿಂತ ಒಂದು ಗಜಕ್ಕೂ ಹೆಚ್ಚು ಆಚೆ ಇತ್ತು. ಗೂಟಗಳೂ ಅದರ ಜೊತೆಗೇ ಹೋಗಿದ್ದವು. ವೆಂಕಟರಾಮಯ್ಯ ಟೇಪನ್ನು ಇನ್ನೊಂದು ಸಲ ಎಳೆಸಿದರು. ದಿನಕ್ಕೊಂದು ಕಡೆ ಸರಿಸಿದ್ದರೆ ಮೂರು ವಾರದ ಅಳತೆಯಲ್ಲಿ ಒಂದನ್ನೂ ನಂಬುವ ಹಾಗಿರಲಿಲ್ಲ.

ಸುತ್ತ ಮರಳು ಮಿಶ್ರ ನೆಲ, ಇಬ್ಬನಿಗೆ ತೇವವಾಗಿತ್ತು. ಡೇರೆ ಕಡೆಯಿಂದ ಕೆರದ ಹೆಜ್ಜೆಗಳು ಬಂದಿದ್ದವು. ಹಿಮ್ಮಡಿಯಲ್ಲಿ ಲಾಳದ ಗುರುತು. ಸರ್ಕಾರ ಪೊಲೀಸರಿಗೆ ಕೊಡುವ ಕೆರ. ಕಾವಲಿನ ಇಬ್ಬರ ಕಾಲಲ್ಲೂ ಅವೇ. ಚೌಕಟ್ಟು ಹತ್ತು ಮಾರು ದೂರ ಇರುವಾಗ ಹೆಜ್ಜೆ ನಿಂತಿತ್ತು. ಅಲ್ಲಿ ಜೋಡಿಸಿ ಬಿಟ್ಟ ಕೆರದ ಅಚ್ಚು. ಮುಂದಕ್ಕೆಲ್ಲ ಬರಿಗಾಲು.

"ಸದ್ದಾಗಬಾರದು ಅಂತ ಬಿಟ್ಟವ್ನೆ ಸ್ವಾಮಿ," ಅಂದ ದಫೇದಾರ.

"ಮರಳಲ್ಲಿ ಎಂಥ ಸದ್ದು? ನೋಡಿ, ಇಲ್ಲಿಂದಾಚೆ ಬರೀ ಜಾಲಿಮುಳ್ಳು. ಮುಳ್ಳು ಇರೋ ಕಡೆಗೇ ಕೆರ ಬಿಟ್ಟು ಹೋಗಿದ್ದಾನೆ."

ಇಬ್ಬರೂ ಕರೇಹಟ್ಟಿಗೆ ನಡೆದರು. ಮುಳ್ಳುಬೇಲಿಯ ಬಾಯಲ್ಲಿ ಪುಟ್ಟಕ್ಕ ಎಂಬ ಮುದುಕಿ ಮೇಕೆಮರಿಗೆ ಸೊಪ್ಪು ಹಾಕುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಬೂಟು ಅಲ್ಲೇ ಬುಡಿ ಸ್ವಾಮಿ. ಹಟ್ಟಿ ಒಳಕ್ಕೆ ಯಾರೂ ಮೆಟ್ಕೊಂಡು ಬರಾಕಿಲ್ಲ."

ನಂದೀಶ್ವರಯ್ಯ ಬಗ್ಗಿ ಬೂಟಿನ ದಾರ ಬಿಚ್ಚುತ್ತ ಕೇಳಿದರು: "ಹಟ್ಟಿ ಒಳಗೆ ಮಾತ್ರವೋ? ಇನ್ನೆಲ್ಲಾದರೂ ಬಿಡ್ತೀರೋ?"

"ದ್ಯಾವ್ರು ಇರೋ ತಾವೂ ಬುಡ್ತೀವಿ. ಗೋಮಾಳದಾಗೆ ನಮ್ಮ ಜುಂಜಪ್ಪ ಇದ್ದ."

"ಇದ್ದ ಅಂದರೆ?"

"ಗುಂಡು ಓಗೋ ದಾರೀಗೆ ಅಡ್ಡ ಅಂತ ಅಗೆದು ತೆಗೆದ್ರಲ್ಲ. ಆ ತಾವು ಈಗ ತಂತಿ ಚೌಕಟ್ಟು ಮಡಗವ್ರೆ. ದ್ಯಾವ್ರ ಕಲ್ಲು ನಿಮ್ಮ ಸಾಹೇಬ್ರ ಡೇರೆ ಬಾಗ್ಲಾಗೈತೆ. ಬೂಟಿನ ಕೆಸರು ಉಜ್ತಾನೆ ಅದ್ರ ಮ್ಯಾಲೆ. ನಮ್ಮೋರೆಲ್ಲ ಓಗಿ ಕೈ ಮುಗುದ್ರೆ, ಉಜ್ತಾ ಉಜ್ತಾನೇ ಮಾತಾಡ್ದ."

"ನಿಮ್ಮೋರು ಅಂದರೆ ಯಾರು?"

ಮುದುಕಿ ಈಗ ತಲೆ ಎತ್ತಿದಳು. "ಕೇಳಿ ಏನ್ ಮಾಡ್ತೀಯ? ಹಟ್ಟಿ ಎಲ್ಲಾ ಓಗಿತ್ತು. ಎಲ್ಲಾರ್ನೂ ಇಡ್ಕೊಂಡೋಗು. ಕುರಿ ಮಾತ್ರ ನೀನೇ ಕಾಯ್ಬೇಕು."

ದಫೇದಾರ ನಗು ನುಂಗಿಕೊಂಡ.

12ನೇ ತಾರೀಖು ಶುಕ್ರವಾರ ಬೆಳಗ್ಗೆ ನಂದೀಶ್ವರಯ್ಯ ಕಾವಲಿನವರಿಬ್ಬರನ್ನೂ ರೈಫಲಿನ ಹತ್ತಿರ ಕರೆಸಿದರು. ವೆಂಕಟರಾಮಯ್ಯ, ಪಂಚರು, ಕೂಲಿಯವರು ಎಲ್ಲ ಇದ್ದರು.

"ರುದ್ರಯ್ಯ, ಎರಡನೇ ಚೌಕಟ್ಟಿನವರೆಗೂ ಟೇಪು ಹಿಡಿದುಕೊಂಡು ಹೋಗು."

ರುದ್ರಯ್ಯ ಕೆರ ಮೆಟ್ಟಿಕೊಂಡೇ ಹೋಗಿ ಬಂದ.

"ಓಬಯ್ಯ, ಈಗ ನೀನು."

ಓಬಯ್ಯ ಟೇಪು ತೆಗೆದುಕೊಂಡು ಹೊರಟ. ಚೌಕಟ್ಟು ಹತ್ತು ಮಾರು ಇರುವಾಗ ನಿಂತ. ಎರಡು ದಿನದಿಂದ ಇನ್ಸ್‌ಪೆಕ್ಟರು ಆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಹೆಜ್ಜೆ ನೋಡುತ್ತಿದ್ದುದನ್ನು ಅವನೂ ಕಂಡಿದ್ದ. ಹಾಗೇ ನಡೆದುಬಿಟ್ಟಿದ್ದರೆ ಕೇಸು ಅಲ್ಲಿಗೆ ಮುಗಿಯುತ್ತಿತ್ತು. ಅವನು ತಿರುಗಿ ಇನ್ಸ್‌ಪೆಕ್ಟರರನ್ನು ನೆಟ್ಟಗೆ ನೋಡಿದ. ಆಮೇಲೆ ಎಲ್ಲರ ಎದುರಿಗೆ ಕೆರ ಕಳಚಿ, ಜೋಡಿಸಿಟ್ಟು, ಮುಳ್ಳಿನ ಮೇಲೆ ಬರಿಗಾಲಲ್ಲಿ ನಡೆದು ಹೋದ.

ವಾಪಸು ಬಂದಾಗ ನಂದೀಶ್ವರಯ್ಯ ಕೇಳಿದರು: "ನೀನೇನಾ?"

"ನಾನೇ ಸ್ವಾಮಿ."

"ಕೆರ ಬಿಡದೆ ಹೋಗಿದ್ದರೆ ನನ್ನ ಕೈಯಲ್ಲಿ ಏನೂ ಇರ್ತಿರಲಿಲ್ಲ."

"ಗೊತ್ತಿತ್ತು."

"ಮತ್ತೆ?"

"ಪಗಾರ ನಿಮ್ದು ಸ್ವಾಮಿ. ಕಾಲು ನಂದು."

"ಚೌಕಟ್ಟು ಯಾಕೆ ಸರಿಸ್ತಿದ್ದೆ?"

"ಲೆಕ್ಕ ಕೂಡದೇ ಓದ್ರೆ ಡೇರೆ ಕೀಳ್ತಾರೆ ಅಂತ ಅವರೇ ದಿನಾ ಅಂತಿದ್ರು. ಕೀಳ್ಲಿ ಅಂತ ಸರಿಸ್ದೆ."

"ಕಲ್ಲು ಬೇಕಾದರೆ ಅರ್ಜಿ ಕೊಡಬಹುದಿತ್ತು."

"ಕಲ್ಲಿಗಲ್ಲ ಸ್ವಾಮಿ. ಜಾಗಕ್ಕೆ. ನಮ್ಮಪ್ಪ, ನಮ್ಮ ತಾತ ಕೈ ಮುಗಿದ ಜಾಗ. ಅರ್ಜೀನೂ ಕೊಟ್ಟಿದ್ವಿ. ಅಮಲ್ದಾರ್ರು ಓದ್ನೇ ಇಲ್ಲ."

ಸರ್ಕಾರಿ ಪರೀಕ್ಷೆ ಕೆಡಿಸಿದ್ದಕ್ಕೆ ಯುದ್ಧಕಾಲದ ಕಾನೂನಿನಂತೆ ದಸ್ತಗಿರಿಯಾಯಿತು. ಪೇಟ, ಸೊಂಟದ ಪಟ್ಟಿ, ಕೆರ ಜಪ್ತಿಯಾದವು. ಓಬಯ್ಯನ ಹೇಳಿಕೆ ನಾಲ್ಕೇ ಸಾಲು. ಅದರಲ್ಲಿ ಮಂಗಳವಾರದ ಬೈಗುಳದ ಮಾತೇ ಇರಲಿಲ್ಲ. ನಂದೀಶ್ವರಯ್ಯ ಕೇಳಿದ್ದಕ್ಕೆ, "ಅದೇನ್ ಬುಡಿ ಸ್ವಾಮಿ, ಕುರಿ ಕಾಯೋನು ಅಂದ್ರು. ಕಾಯ್ತೀವಿ," ಅಂದಿದ್ದ.

ಕೈಗೆ ಬೇಡಿ ಹಾಕಿ ಹೊರಡಿಸುವಾಗ ವೆಂಕಟರಾಮಯ್ಯ ಬೆವರುತ್ತ ಓಡಿ ಬಂದರು.

"ಓಬಯ್ಯ, ನಿಂತ್ಕೊ. ಉಳಿದಿರೋದು ಇಪ್ಪತ್ತು ಗುಂಡು. ಅಷ್ಟರಲ್ಲಿ ಏನೂ ಆಗಲ್ಲ. ಯಾವ ಯಾವ ದಿನ ಎಷ್ಟೆಷ್ಟು ಸರಿಸಿದೆ, ಈ ಕಡೆಗೋ ಆ ಕಡೆಗೋ, ಅಷ್ಟು ಹೇಳಿಬಿಡು. ಹಳೇ ಲೆಕ್ಕ ಎಲ್ಲ ತಿದ್ದಬಹುದು. ನಾಳೆ ಕಳಿಸಿದರೆ ಶಿಬಿರ ಇಲ್ಲೇ ಉಳಿಯುತ್ತೆ."

ಓಬಯ್ಯ ನಿಂತ.

"ಕೇಸು ವಾಪಸ್ ತಗೋತೀನಿ. ಕೆಲಸ ಉಳಿಯುತ್ತೆ. ಆ ಕಲ್ಲನ್ನ ಇವತ್ತೇ ಗಾಡಿಲಿ ಹಟ್ಟಿಗೆ ಕಳಿಸ್ತೀನಪ್ಪ. ನಿನಗೆ ನೆನಪಿದೆ ಅಂತ ನನಗೆ ಗೊತ್ತು. ಹೇಳು."

ಡೇರೆ ಬಾಗಿಲಲ್ಲಿ ಕಲ್ಲು ಬಿದ್ದಿತ್ತು, ಮೇಲೆ ಒಣಗಿದ ಕೆಸರು. ಅದರಾಚೆ ಗೋಮಾಳ, ಎರಡನೇ ಚೌಕಟ್ಟು, ಬೆಟ್ಟ. ಓಬಯ್ಯ ಕಲ್ಲು ನೋಡಿದ. ವೆಂಕಟರಾಮಯ್ಯನವರ ಬೂಟು ನೋಡಿದ. ಏನೋ ಹೇಳುತ್ತಾನೆ ಎಂದು ದಫೇದಾರನೂ ಕಿವಿಗೊಟ್ಟ.

ಓಬಯ್ಯ ಮುಖ ತಿರುಗಿಸಿ, ಬೇಡಿಯ ಸರಪಳಿ ಹಿಡಿದಿದ್ದ ದಫೇದಾರನಿಗಿಂತ ಮುಂದಾಗಿ, ಬರಿಗಾಲಲ್ಲಿ ಕೊರಟಗೆರೆ ದಾರಿ ಹಿಡಿದು ನಡೆದ.