ನಾಲ್ಕನೇ ಮಷೀನಿನ ಡಿಸ್ಕು

"ಹೊಡದ್ರರ ಏಳ್ತೀ ಏನ ನೀ?"

ಕೋಣೆಯಲ್ಲಿ ಯಾರೂ ಇರಲಿಲ್ಲ. ಹನ್ನೊಂದು ಕಂಪ್ಯೂಟರುಗಳಿದ್ದವು, ಹನ್ನೊಂದರ ಪರದೆಯೂ ಕಪ್ಪಾಗಿತ್ತು. ಪ್ರಜ್ಞಾ ನಾಲ್ಕನೇ ನಂಬರಿನ ಪೆಟ್ಟಿಗೆಯ ನೆತ್ತಿಯ ಮೇಲೆ ಮುಷ್ಟಿಯಿಂದ ಗುದ್ದಿದಳು. ಧಪ್! ಮತ್ತೊಮ್ಮೆ... ಧಪ್! ಮೂರನೇ ಏಟಿಗೆ ಬೆರಳಿನ ಗಿಣ್ಣು ಸುಲಿದು ರಕ್ತ ಬಂತು.

"ಮೂರ ಏಟಿಗೆ ಎದ್ದದ್ದು ನಾ ಎಲ್ಲೂ ನೋಡಿಲ್ರಿ."

ಸರ್ರನೆ ತಿರುಗಿದಳು. ಬಾಗಿಲಲ್ಲಿ ಒಬ್ಬ ಯುವಕ. ಕೈಯಲ್ಲಿ ಹೆಲ್ಮೆಟ್ಟು, ಹುಬ್ಬಿನ ತುಂಬ ದಾರಿಯ ಧೂಳು.

"ಯಾರ್ರಿ ನೀವು?"

"ಸಂಜೀವಕುಮಾರ. ಊರು ಗೊಳಸಂಗಿ. ಬಾಗೇವಾಡಿ ಕಾಲೇಜಿನ್ಯಾಗ ಲ್ಯಾಬ್ ನೋಡ್ಕೋತೇನಿ. ಪರದೆ ಕರ್ರಗಾಗ್ಯಾವು, ಯಾರರ ಬರ್ರಿ ಅಂತ ಕಂಪ್ಯೂಟರ್ ಗ್ರೂಪಿನ್ಯಾಗ ಹಾಕಿದ್ರಲ್ಲಾ?"

"ಗ್ರೂಪಿನ್ಯಾಗ ಎಂಟ್ನೂರು ಮಂದಿ ಅದಾರ. ಬಂದವ್ರು ನೀವೊಬ್ರೇನು?"

"ಉಳದವ್ರಿಗೆ ನೀವು ಹೊಡಿಯೂ ಸುದ್ದಿ ಮುಟ್ಟಿರಬೇಕ್ರಿ."

ನಗಬಾರದೆಂದು ತುಟಿ ಕಚ್ಚಿಕೊಂಡಳು. ನಾಲ್ಕು ದಿನದಿಂದ ಅವಳು ನಕ್ಕಿರಲಿಲ್ಲ.

ಇಂಡಿ ಊರಿನ ರಾವಸಾಬ ಮಾಸ್ತರರ ಮಗಳು ಅವಳು. ಸಿಂದಗಿಯಲ್ಲಿ ಮುಕ್ತಾರ ಚಾಚಾನ ಟೈರ್ ಅಂಗಡಿಯ ಮೇಲಿನ ಆ ಕೋಣೆಯನ್ನು ತನ್ನ ಕೈಯಾರೆ ಸುಣ್ಣ ಬಳಿದು ಎಬ್ಬಿಸಿದ್ದಳು. ಯಾವುದೋ ಕಚೇರಿ ಬೇಡವೆಂದು ಬಿಟ್ಟ ಹಳೆಯ ಮಷೀನುಗಳು, ಗೋಡೆಯ ಮೇಲೆ ಬುದ್ಧನ ಪಟ, ಸುತ್ತಲಿನ ಹಳ್ಳಿಗಳಿಂದ ಟೆಂಪೊ ಹಿಡಿದು ಬರುವ ಹದಿನಾರು ಹುಡುಗಿಯರು. ಮನೆಯ ನಕ್ಷೆಯನ್ನು ನಿಂತ ಮನೆಯಂತೆ ಪರದೆಯ ಮೇಲೆ ತಿರುಗಿಸಿ ತೋರಿಸುವ ವಿದ್ಯೆ ಕಲಿಯಲು ಬರುತ್ತಿದ್ದರು. ಆ ಹದಿನಾರು ಜನ ಮೆಟ್ಟಿಲು ಹತ್ತುವವರೆಗೆ ಮಾತ್ರ ಆ ಕೋಣೆಗೆ ಜೀವ. ಅವರು ಬರುವುದು ನಿಂತರೆ ಅವಳ ಬಾಳಿನಲ್ಲಿ ಉಳಿಯುವುದು ನಾಲ್ಕು ಗೋಡೆ!

ಚಿತ್ರ ಬಿಡಿಸುವ ಹೊಸ ತಂತ್ರಾಂಶ ಮಷೀನುಗಳಲ್ಲಿದ್ದ, ಪರದೆಗೆ ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಲೈಬ್ರರಿಯ ಮೇಲೆ ಏಳುವುದಿಲ್ಲ ಎಂದಿತು. ಹಾಗಾಗಿ ಮೆಸಾ ಎಂಬ ಮುಕ್ತ ಲೈಬ್ರರಿಯ ಮೂಲ ಸಂಕೇತವನ್ನೇ ಇಳಿಸಿಕೊಂಡು, ವಿಡಿಯೋ ನೋಡಿ ನೋಡಿ ತಾನೇ ಕಟ್ಟಿದ್ದಳು. ಅದನ್ನು ಹಾಕಿದ್ದೇ ತಡ, ಹನ್ನೊಂದೂ ಪರದೆ ಕಪ್ಪಾಗಿದ್ದವು.

ಕಟ್ಟಿದ ಹೆಜ್ಜೆಗಳನ್ನು ಬರೆದಿಟ್ಟ ಅವಳ ನೋಟ್‌ಬುಕ್ಕನ್ನು ಸಂಜೀವ ಓದಿದ. ಹುಬ್ಬು ಮೇಲೇರಿತು.

"ಡ್ರೈವರ್ ಪಟ್ಟಿಯೊಳಗ ಐರಿಸ್ ಒಂದನ್ನ ಬರದೀರಿ."

"ವಿಡಿಯೋದಾಗ ಹಂಗ ಹೇಳಿದ್ರು."

"ವಿಡಿಯೋದಂವಂದು ಹೊಸಾ ಲ್ಯಾಪ್‌ಟಾಪ್ ರಿ. ನಿಮ್ಮವು ಹನ್ನೆರಡು ವರ್ಷದ ಮುದುಕ್ಯಾರು. ಇವುಗಳ ಪರದೆ ನಡಸಾಕ ಕ್ರೋಕಸ್ ಅನ್ನೂ ಡ್ರೈವರ್ ಬೇಕು. ಪಟ್ಟಿಯೊಳಗ ಹೆಸರಿಲ್ಲಂದ್ರ ಅದು ಕಟ್ಟೂದ ಇಲ್ಲ. ಅದಿರಲಿ... ಕಟ್ಟಿದ್ದನ್ನ ಎಲ್ಲಿ ಹಾಕಿದ್ರಿ?"

"ಹಳೇದು ಇದ್ದಲ್ಲೇ. ಅದರ ಮ್ಯಾಲ."

"ಹನ್ನೊಂದಕ್ಕೂ? ಒಂದಕ್ಕ ಹಾಕಿ ನೋಡೂದಲ್ರಿ ಮೊದಲ?"

"ನಮ್ಮ ಕಡೆ ಒಬ್ಬರಿಗೆ ಬಡಿಸಿ ಹತ್ತು ಮಂದೀನ ಕಾಯಿಸೂ ಪದ್ಧತಿ ಇಲ್ಲ!"

ಅವನು ಗಹಗಹಿಸಿ ನಕ್ಕ. ಕೀಬೋರ್ಡು ಎತ್ತಿ ಅವನ ತಲೆಗೆ ಒಗೆಯಬೇಕೆನಿಸಿತು ಅವಳಿಗೆ. ಆದರೆ ಅದೇ ಕ್ಷಣ ಅವನು ತನ್ನ ಕರವಸ್ತ್ರ ತೆಗೆದು ಅವಳ ಮುಂದೆ ಹಿಡಿದಿದ್ದ.

"ಕೈಯಿಂದ ರಕ್ತ ಸೋರಾಕತ್ತೇತ್ರಿ, ಮೇಡಮ್ಮಾರ."

ಇಷ್ಟು ಹೊತ್ತು ಅದು ಉರಿಯುತ್ತಿದ್ದದ್ದು ಅವಳಿಗೆ ತಿಳಿದೇ ಇರಲಿಲ್ಲ...

ಅಂದಿನಿಂದ ಮೂರು ಭಾನುವಾರ ಅವನು ಬಂದ. ಮೊದಲ ವಾರ ಹಳೆಯ ಲೈಬ್ರರಿಯನ್ನು ಅದರ ಜಾಗಕ್ಕೆ ತಂದು ಕೂರಿಸಿದ. ಹನ್ನೊಂದು ಪರದೆಗೂ ಬೆಳಕು ಬಂತು. ಹೊಸದನ್ನು ಬೇರೆಯೇ ಫೋಲ್ಡರಿನಲ್ಲಿ ಕಟ್ಟಬೇಕು, ಚಿತ್ರದ ತಂತ್ರಾಂಶಕ್ಕೆ ಮಾತ್ರ ಅದರ ದಾರಿ ತೋರಿಸಬೇಕು, ನಾಲ್ಕನೆಯದೊಂದರಲ್ಲೇ ಕಟ್ಟಿ ಉಳಿದ ಹತ್ತಕ್ಕೂ ಹಂಚಬೇಕು ಎಂದು ಕಲಿಸಿದ. ಹಳೆಯ ಮಷೀನು ತಾಸುಗಟ್ಟಲೆ ದುಡಿಯುತ್ತಿತ್ತು. ಸಾಲಿನ ಮೇಲೆ ಸಾಲು ಪರದೆಯಲ್ಲಿ ಏರಿ ಹೋಗುತ್ತಿದ್ದರೆ, ಮಠದಲ್ಲಿ ಪುರಾಣ ಕೇಳಲು ಕೂತವರಂತೆ ಇಬ್ಬರೂ ಸುಮ್ಮನೆ ನೋಡುತ್ತ ಕೂರುತ್ತಿದ್ದರು. ನಡುವೆ ಎಲ್ಲಾದರೂ ತಪ್ಪಿ ನಿಂತರೆ ಇಬ್ಬರೂ ಒಟ್ಟಿಗೇ 'ಅಯ್ಯೋ' ಎನ್ನುತ್ತಿದ್ದರು.

'ಇದು ಬೇಗ ಮುಗೀಲೇಬಾರದು...' ಎಂದಿತು ಪ್ರಜ್ಞಾಳ ಮನಸ್ಸು. ಮರುಕ್ಷಣವೇ ಬೈದುಕೊಂಡಳು. ಗೊಳಸಂಗಿಯ ಗೌಡರಂಥವರ ಮನೆ ಎಲ್ಲಿ, ಇಂಡಿಯ ನಮ್ಮ ಓಣಿ ಎಲ್ಲಿ!

"ಬರೂ ಐತವಾರ ಮುಗಿಸಿಬಿಡ್ತೇನಿ. ನಸುಕಿನ್ಯಾಗ ಬಂದು ಹಚ್ಚತೇನಿ, ಕೀಲಿ ಕೊಟ್ಟಿರ್ರಿ," ಎಂದ, ಮೂರನೇ ಭಾನುವಾರ ಹೊರಡುವಾಗ.

ಮುಕ್ತಾರ ಚಾಚಾನಿಗೂ ಕೊಡದ ಕೀಲಿ ಅದು. ಅವನ ಅಂಗೈಗಿಟ್ಟಳು.

ಆ ಭಾನುವಾರ ಮನೆಯಲ್ಲಿ ಅವಳ ಕಾಲು ನಿಲ್ಲಲಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಡಬ್ಬಿಗೆ ತುಂಬಿಕೊಂಡು ಸಿಂದಗಿಯ ಬಸ್ಸು ಹತ್ತಿದಳು. ಟೈರ್ ಅಂಗಡಿಯ ಮುಂದೆ ಒಂದು ಜೀಪು ನಿಂತಿತ್ತು, ಹಿಂದೆ ತಾಡಪತ್ರಿ ಹೊದಿಸಿತ್ತು. ಅದರ ಪಕ್ಕದಿಂದಲೇ ಹಾದು ಮೆಟ್ಟಿಲು ಹತ್ತಿದಳು.

ಮೇಲಿನಿಂದ ಸದ್ದು ಬಂತು. ಗಾಜು ಒಡೆಯುವ ಸದ್ದು!

ಬಾಗಿಲಿನ ಚಿಲಕದಲ್ಲಿ ಅವಳ ಕೀಲಿಯೇ ನೇತಾಡುತ್ತಿತ್ತು. ಒಳಗೆ ಮೂವರು. ಇಬ್ಬರ ಕೈಯಲ್ಲಿ ಕಬ್ಬಿಣದ ರಾಡು. ನಡುವೆ ಬಿಳಿ ಅಂಗಿಯ ಗಟ್ಟಿ ಆಳು ಹಾರೆ ಎತ್ತಿ ಎರಡನೇ ಮಷೀನಿನ ಎದೆಗೆ ಇಳಿಸಿದ. ಪೆಟ್ಟಿಗೆ ಬಾಯ್ಬಿಟ್ಟಿತು. ಬುದ್ಧನ ಪಟ ನೆಲಕ್ಕೆ ಬಿದ್ದು ಗಾಜು ಚೂರಾಗಿತ್ತು.

"ಏ! ಯಾರ ನೀವು? ಬಿಡ್ರಿ! ಬಿಡ್ರಿ ಅಂದ್ರ!"

"ನಾ ಪರಪ್ಪ. ಸಂಜೀವನ ಅಣ್ಣ." ಬಿಳಿ ಅಂಗಿಯವ ಉಸಿರು ಬಿಡುತ್ತ ತಿರುಗಿದ. "ಎರಡು ಐತವಾರ ಅಂವಗ ಹೆಣ್ಣು ಕೊಡಾಕ ಮಂದಿ ಬಂದು, ಅಂವ ಇಲ್ಲಂತ ತಿರಿಗಿ ಹೋದ್ರು. ಯಾರ ಮೆಟ್ಟಲಾ ಹತ್ತಾಕತ್ತಾನ ಅಂತ ನೋಡಾಕ ಬಂದೇನಿ. ಹತ್ತೂ ಜಾಗಾನ ಇರಬಾರದು!"

"ಒಳಗ ಹ್ಯಾಂಗ ಬಂದ್ರಿ?"

"ಕೀಲಿ ಕೊಟ್ಟನಲ್ಲ, ಅಂವನ ಕೊಟ್ಟ!"

ಆ ಮಾತೇ ಹಾರೆಯಂತೆ ಅವಳ ಎದೆಗೆ ಬಿತ್ತು.

ಮುಂದೆ ಏನಾಯಿತೆಂದು ಅವಳಿಗೇ ನೆನಪಿಲ್ಲ. ಡಬ್ಬಿಯನ್ನು ಒಬ್ಬನ ಮುಖಕ್ಕೆ ಬೀಸಿದ್ದಳು. ಅವನ ಮೂಗಿನಿಂದ ರಕ್ತ ಚಿಮ್ಮಿತು. ಇನ್ನೊಬ್ಬ ಜಡೆ ಹಿಡಿದೆಳೆದ. ತಿರುಗಿ ಅವನ ಮಣಿಕಟ್ಟನ್ನು ಹಲ್ಲಿನಿಂದ ಕಚ್ಚಿದಳು. ಅವನು ಚೀರಿದರೂ ಬಿಡಲಿಲ್ಲ. ಪರಪ್ಪ ಅವಳನ್ನು ಎತ್ತಿ ಗೋಡೆಗೆ ಬಡಿದ. ಹಣೆ ಮೇಜಿನ ಅಂಚಿಗೆ ತಾಗಿ ಸೀಳಿತು. ಕಣ್ಣಿಗೆ ಇಳಿದ ರಕ್ತದ ಮಸುಕಿನಲ್ಲೇ ಒಡೆದ ಮಾನಿಟರನ್ನು ಎರಡೂ ಕೈಯಿಂದ ಎತ್ತಿ ಅವನ ಹೆಗಲಿಗೆ ಹಾಕಿದಳು. ದಿನಾ ಮುಂಜಾನೆ ಅವ್ವ ಸಾವಂತ್ರವ್ವನ ಜೊತೆ ಕೂತು ಪಂಚಶೀಲ ಹೇಳುವ ಹುಡುಗಿ! ಯಾವ ಜೀವಕ್ಕೂ ನೋವು ಮಾಡೆನು ಎನ್ನುವ ಅದೇ ಬಾಯಲ್ಲಿ ಈಗ ಇನ್ನೊಬ್ಬನ ರಕ್ತದ ರುಚಿ...

"ಹರಾಮಖೋರೋ!" ನಮಾಜು ಮುಗಿಸಿ ಬಂದ ಮುಕ್ತಾರ ಚಾಚಾ ಚಕ್ರ ಬಿಚ್ಚುವ ಪಾನಾ ಹಿಡಿದು ಮೆಟ್ಟಿಲು ಏರಿ ಬಂದ. ಮೂವರೂ ಅವನನ್ನು ತಳ್ಳಿಕೊಂಡು ಇಳಿದು ಓಡಿದರು. ಜೀಪು ಗುರ್ರೆಂದು ಹೋಯಿತು.

ಏಳು ಮಷೀನು ಚೂರಾಗಿದ್ದವು. ನಾಲ್ಕನೆಯದರಲ್ಲಿ ಡಿಸ್ಕೇ ಇರಲಿಲ್ಲ. ಸಂಜೀವನ ಫೋನು ಬಂದ್ ಆಗಿತ್ತು.

'ಡಿಸ್ಕೂ ಒಯ್ದೆಯಾ... ಕಟ್ಟಿದ್ದನ್ನೂ ಒಯ್ದೆಯಾ, ಸಂಜೀವ?'

ಹಣೆಗೆ ಒಂಬತ್ತು ಹೊಲಿಗೆ ಬಿದ್ದವು. ಪೊಲೀಸ್ ಠಾಣೆಯಲ್ಲಿ ದೂರಿನ ಕಾಗದವನ್ನು ತಾನೇ ಬರೆದಳು. ಪರಪ್ಪ, ಅವನ ಇಬ್ಬರು ಆಳುಗಳು. ಕೊನೆಗೆ ನಾಲ್ಕನೇ ಹೆಸರು: ಕೀಲಿ ಕೊಟ್ಟ ಸಂಜೀವಕುಮಾರ. ಆ ಹೆಸರಿನ ಕೊನೆಯ ಅಕ್ಷರಕ್ಕೆ ಬಂದಾಗ ಪೆನ್ನು ಕಾಗದ ಹರಿಯಿತು.

"ಅಕ್ಕಾ, ಒಂದು ಮಾತು ಹೇಳು. ಅಂವನ ಕಾಲು ಮುರದು ಬರ್ತೇನಿ," ಎಂದ ತಮ್ಮ ಪರಶು, ಬಡಿಗೆ ಹಿಡಿದು.

"ಸುಮ್ಮನ ಕೂಡು. ಕಾಲು ಮುರದ್ರ ನನ್ನ ಮಷೀನು ಏಳ್ತಾವೇನು?"

ಎರಡನೇ ದಿನ ಕೋಮಲ ಒಬ್ಬಳೇ ಬಂದಳು. ಆ ಹದಿನಾರು ಹುಡುಗಿಯರಲ್ಲಿ ಅವಳೇ ಧೈರ್ಯದವಳು. ಮೆಟ್ಟಿಲ ಕೆಳಗೇ ನಿಂತು ಹೇಳಿದಳು.

"ಮಿಸ್, ಯಾರೂ ಬರಾಂಗಿಲ್ರಿ. ನಮ್ಮಪ್ಪ ಅಂದ, ಹೊಡದವ್ರು ಆರಾಮ ಅಡ್ಡಾಡಾಕತ್ತಾರ ಅಂದ್ರ ನಾಳೆ ನಮ್ಮ ಹುಡುಗಿಗೂ ಹೊಡಿತಾರ ಅಂತ. ಅವ್ರು ಒಳಗ ಹೋದ್ರ ಕಳಸ್ತೇನಿ ಅಂದಾನ."

ಪ್ರಜ್ಞಾ ತಲೆಯಾಡಿಸಿದಳು. ಒಡೆದ ಗಾಜು ಗುಡಿಸುವಾಗ ಮಾತ್ರ ಬಿಕ್ಕಿ ಬಿಕ್ಕಿ ಅತ್ತಳು.

ಮೂರನೇ ದಿನ ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಸೆರಗು ಎಳೆದುಕೊಂಡು ಮೆಟ್ಟಿಲು ಹತ್ತಿ ಬಂದಳು. ಎಡಗೆನ್ನೆ ಊದಿತ್ತು.

"ನಾ ವಿಜಯಲಕ್ಷ್ಮಿ. ಪರಪ್ಪನ ಹೇಣ್ತಿ."

"ಹೊರಗ ನಡೀರಿ!"

"ಹೋಗ್ತೇನಿ ತಂಗಿ. ಇದನ್ನ ಕೊಟ್ಟು ಹೋಗ್ತೇನಿ." ಸೆರಗಿನ ಗಂಟು ಬಿಚ್ಚಿದಳು. ಹಾರ್ಡ್‌ಡಿಸ್ಕು! ಅಂಚಿಗೆ ಒಣಗಿದ ರಕ್ತ.

"ಇದು... ಇದು ನಿಮ್ಮ ಕಡೆ..."

"ಸಂಜೀವ ಕಿಡಕ್ಯಾಗಿಂದ ಅಣ್ಣನ ಜೀಪು ಕಂಡನಂತ. ಇದನ್ನ ಕಿತ್ತು ನಡಕ್ಕ ಸಿಗಿಸಿ, ಬಾಗಿಲಾ ಕೀಲಿ ಹಾಕಿ ಕೆಳಗ ಇಳದಾನ. ಮೆಟ್ಟಲ ಮ್ಯಾಲನ ಹಿಡದ್ರು. ಕೀಲಿ ಕೊಡು ಅಂದ್ರ ಕೊಡಲಿಲ್ಲ. ಮುಷ್ಟಿ ಬಿಚ್ಚಲಿಲ್ಲ ಅಂತ ಮೂರು ಬೆರಳ ಮುರದ್ರು, ತಂಗಿ. ಒಂದೊಂದಾಗಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆಮ್ಯಾಲ ಬಾಯಿಗೆ ಅರಿವಿ ತುರುಕಿ ಜೀಪಿನ್ಯಾಗ ಒಗದ್ರು. ನೀ ಬಂದಾಗ ಅಂವ ಅಲ್ಲೇ ಇದ್ದ. ತಾಡಪತ್ರಿ ಕೆಳಗ. ನಿನ್ನ ಕಾಲಿನ ಸಪ್ಪಳ ಕೇಳಿಸ್ತಂತ."

ಆ ಜೀಪಿನ ಪಕ್ಕದಿಂದಲೇ ಪ್ರಜ್ಞಾ ಹಾದು ಬಂದಿದ್ದಳಲ್ಲ! ಕೈ ಚಾಚಿದ್ದರೆ ಮುಟ್ಟುವಷ್ಟು ಹತ್ತಿರ...

"ನಿಮ್ಮ ಗಲ್ಲಕ್ಕ ಏನಾತ್ರಿ?"

"ಅಂವನ್ನ ದವಾಖಾನಿಗೆ ಒಯ್ದದ್ದಕ್ಕ," ಎಂದಳು ವಿಜಯಲಕ್ಷ್ಮಿ, ಅಷ್ಟೇ.

ಅಂದೇ ಮಧ್ಯಾಹ್ನ ಪ್ರಜ್ಞಾ ಠಾಣೆಗೆ ಹೋಗಿ ಹೊಸ ಹೇಳಿಕೆ ಕೊಟ್ಟಳು. ನಾಲ್ಕನೆಯವನು ಹೊಡೆದವನಲ್ಲ, ಹೊಡೆತ ತಿಂದವನು. ಆಮೇಲೆ ಕೋಣೆಗೆ ಬಂದು, ಉಳಿದ ನಾಲ್ಕು ಮಷೀನಿನಲ್ಲಿ ಒಂದಕ್ಕೆ ಆ ಡಿಸ್ಕು ಜೋಡಿಸಿದಳು. ಈ ಸಲ ಒಂದಕ್ಕೇ! ಡ್ರೈವರ್ ಯಾವುದೆಂದು ಕೇಳುವ ಸಾಲು ಬರೆದು ಒತ್ತಿದಳು. ಪರದೆ ಉತ್ತರ ಕೊಟ್ಟಿತು: ಕ್ರೋಕಸ್. ಕೋಮಲ ಅರ್ಧಕ್ಕೆ ಬಿಟ್ಟ ಮನೆಯೊಂದು ಪರದೆಯ ಮೇಲೆ ನುಣುಪಾಗಿ ತಿರುಗಿತು, ಕಿಟಕಿ, ಕಟ್ಟೆ, ಮಾಳಿಗೆ ಸಮೇತ. ಆಮೇಲೆ ಉಳಿದ ಮೂರಕ್ಕೂ ಹಂಚಿದಳು.

ಮರುದಿನ ಬಾಗೇವಾಡಿಯ ಆಸ್ಪತ್ರೆ. ಸಂಜೀವನ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಒಂದು ಕಣ್ಣು ಮುಚ್ಚಿ ಊದಿತ್ತು. ಮಂಚದ ಪಕ್ಕ ಅವನ ತಾಯಿ ಗುರವ್ವ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

ಪ್ರಜ್ಞಾ ಬಾಗಿಲಲ್ಲೇ ನಿಂತಳು.

"ಉಳದ ನಾಕೂ ಎದ್ದಾವು," ಎಂದಳು.

ಅವನ ಒಡೆದ ತುಟಿ ನಗಲು ಹೋಗಿ ನೋವಿಗೆ ಸೆಟೆಯಿತು. "ಒಂದಕ್ಕ ಹಾಕಿ ನೋಡಿದ್ರೇನು ಮೊದಲ?"

"ನೋಡಿದೆ." ಕಣ್ಣೀರು ಹನಿಯಿತು. "ನಾ ನಿಮ್ಮ ಹೆಸರು ಬರದಿದ್ದೆ, ಸಂಜೀವ. ಅವ್ರ ಸಾಲಿನ್ಯಾಗ... ನಿಮ್ಮ ಹೆಸರೂ ಬರದಿದ್ದೆ!"

"ಗೊತ್ತೈತಿ. ಪೊಲೀಸರು ಬಂದಿದ್ರು."

"ಸಿಟ್ಟು ಬರಲಿಲ್ಲೇನು?"

"ಬಂತು. ತಾಡಪತ್ರಿ ಕೆಳಗ ನಿನ್ನ ಚೀರಾಟ ಕೇಳ್ಕೋತ ಬಿದ್ದಿದ್ದೆನಲ್ಲ, ಆಗ ನನ್ನ ಮ್ಯಾಲ ಬಂತು. ಅದರ ಮುಂದ ಇದೇನು?" ಎಡಗೈ ಚಾಚಿದ. "ಇನ್ನ ಆರು ವಾರ ನನಗ ಟೈಪ್ ಮಾಡಾಕ ಬರೂದಿಲ್ಲ. ನಾ ಹೇಳ್ತೇನಿ, ನೀ ಒತ್ತತೀ ಏನು?"

"ಆರ ವಾರ ಏನು..." ಮಾತು ಮುಗಿಯಲಿಲ್ಲ. ಅವನ ಎಡಗೈಯನ್ನು ಎರಡೂ ಕೈಯಿಂದ ಹಿಡಿದು ಹಣೆಯ ಹೊಲಿಗೆಗೆ ಒತ್ತಿಕೊಂಡಳು.

ಗುರವ್ವ ಎದ್ದಳು. ಆ ಮುದಿ ಕಣ್ಣುಗಳು ಅತ್ತು ಅತ್ತು ಕೆಂಪಾಗಿದ್ದವು.

"ಯವ್ವಾ, ನಾ ನಿನ್ನ ಕುಲ ಕೇಳೂದಿಲ್ಲ. ಇಂಡಿಗೆ ನಾನ ಬಂದು ನಿಮ್ಮವ್ವನ ಮುಂದ ಸೆರಗೊಡ್ಡಿ ನಿನ್ನ ಕೇಳ್ತೇನಿ. ಸೊಸಿ ಅಂತ ಕೈ ಹಿಡದು ಒಳಗ ಕರಕೋತೇನಿ. ಊರ ಏನರ ಅನ್ನಲಿ! ಒಂದು ಮಾತು ನಡಸಿಕೊಡು. ಪರಪ್ಪ ಊರು ಬಿಟ್ಟು ತಿರಗಾಕತ್ತಾನ. ಅಂವನೂ ಇದ ಹೊಟ್ಟ್ಯಾಗ ಹುಟ್ಟಿದಂವ. ಪೊಲೀಸರಿಗೆ ಕೊಟ್ಟ ಕಾಗದ ಹಿಂದಕ್ಕ ತಗೋ."

ಮೂರು ವಾರದಿಂದ ಕನಸಿನಲ್ಲೂ ಕೇಳಲು ಹೆದರಿದ್ದನ್ನು ಆ ತಾಯಿ ತಾನೇ ಎರಡೂ ಕೈಯಿಂದ ಕೊಡುತ್ತಿದ್ದಳು. 'ಹ್ಞೂಂ ಅನ್ನು... ಹ್ಞೂಂ ಅಂದುಬಿಡು,' ಎಂದು ಪ್ರಜ್ಞಾಳ ಎದೆ ಬಡಿಯಿತು. ಆದರೆ ಮೆಟ್ಟಿಲ ಕೆಳಗೆ ನಿಂತಿದ್ದ ಕೋಮಲಳ ಮುಖ ಕಣ್ಣ ಮುಂದೆ ಬಂತು. ಆ ಕಾಗದ ಹಿಂದೆ ಬಂದರೆ ಹದಿನಾರು ಜನರಲ್ಲಿ ಒಬ್ಬಳೂ ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ. ವಿಜಯಲಕ್ಷ್ಮಿಯ ಕೆನ್ನೆ ಮತ್ತೆ ಊದುತ್ತದೆ.

ಸಂಜೀವನ ಕಡೆ ತಿರುಗಿದಳು. "ನೀ ಏನಂತಿ?" ಮೊದಲ ಸಲ ಅವನೆದುರು ಏಕವಚನದಲ್ಲಿ ಮಾತಾಡಿದ್ದಳು.

"ನಿನ್ನ ಮಾತಿನ ಹಿಂದ ನಿಂದರ್ತೇನಿ. ಮದುವಿಗೆ ಯಾರು ಬರ್ತಾರೋ ಬಿಡ್ತಾರೋ... ನಾ ನಿನ್ನಾಂವ."

"ಖರೇನ?"

"ಖರೇನ."

ಪ್ರಜ್ಞಾ ಕಣ್ಣೊರೆಸಿಕೊಂಡಳು. ಬಾಗಿ ಗುರವ್ವನ ಪಾದ ಮುಟ್ಟಿದಳು. ಎದ್ದು ನಿಂತು, ಆ ತಾಯಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಇಲ್ರಿ ಅವ್ವಾರ. ಹಿಂದಕ್ಕ ತಗೊಳ್ಳೂದಿಲ್ಲ."