ಸಾತಮ್ ದಿನ ಬಿದ್ದ ಗೋಡೆ

ಬೆಳಿಗ್ಗೆ ಹತ್ತೂವರೆಗೆ ವಡೋದರಾ ಹಳೇ ಊರಿನ ಠಾಣೆಗೆ ಬಂದ ಸುಭದ್ರಾಳ ಮೈತುಂಬ ಸುಣ್ಣದ ಧೂಳು ಮೆತ್ತಿಕೊಂಡಿತ್ತು. ಗಂಡ ರೈಲ್ವೆ ನೌಕರ. ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಎರಡು ತಿಂಗಳೂ ಆಗಿರಲಿಲ್ಲ. ಬಾಡಿಗೆ ಮನೆಯ ಅಡುಗೆಮನೆ ಗೋಡೆ ಕುಸಿದು ಅತ್ತೆ ಗೌರಮ್ಮನ ಸೊಂಟ ಮುರಿದಿತ್ತು. ಇನ್‌ಸ್ಪೆಕ್ಟರ್ ಹಯವದನ ಇದೇ ಊರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು, ಮನೆಮಾತು ಕನ್ನಡ.

"ಗ್ವಾಡಿ ತಾನಾಗೇ ಬಿದ್ದಿಲ್ರೀ ಸಾಹೇಬ್ರ. ಯಾರೋ ಕೆಡವ್ಯಾರ."

"ಹೆಂಗ ಹೇಳ್ತೀರಿ?"

"ಬೀಳೂಕಿಂತ ಮೊದಲ ಮನಿ ಹಿಂದಿನ ಸಂದ್ಯಾಗ ಕಟಿಗಿ ಎಳದ ಸಪ್ಪಳ ಆತು. ನಾ ಕೇಳೇನಿ."

ಹಯವದನ ದೂರು ಬರೆಸಿಕೊಂಡು, ಕಾನ್‌ಸ್ಟೇಬಲ್ ಜಶುಬೆನ್ ಜೊತೆ ಸ್ಥಳಕ್ಕೆ ಹೊರಟರು. ಅದೊಂದು ಪೋಳ್: ಒಂದೇ ಹೆಬ್ಬಾಗಿಲೊಳಗೆ ಗೋಡೆಗೆ ಗೋಡೆ ಅಂಟಿಕೊಂಡ ಹಳೇ ಮನೆಗಳ ಕೇರಿ. ಅದನ್ನೂ ಪಕ್ಕದ ಮಾರುಕಟ್ಟೆಯನ್ನೂ ನೆಲಸಮ ಮಾಡಿ, ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಫ್ಲಾಟುಗಳಿರುವ ಗೋಪುರ ಕಟ್ಟುತ್ತೇನೆಂದು ಬಿಲ್ಡರ್ ಒಬ್ಬ ಕಾರ್ಪೊರೇಷನ್ನಿಗೆ ಪ್ರಸ್ತಾವ ಕೊಟ್ಟಿದ್ದ. ಅರ್ಧ ಪೋಳ್ ಬೇಡವೆಂದು ಹಟ ಹಿಡಿದಿತ್ತು. ಅದನ್ನು ತೀರ್ಮಾನಿಸುವ ಕಾರ್ಪೊರೇಷನ್ ಸಮಿತಿಯ ಸಭೆ ಮರುದಿನವೇ ಇತ್ತು.

ಪೊಲೀಸರಿಗಿಂತ ಮೊದಲು ಕಾರ್ಪೊರೇಷನ್ ಎಂಜಿನಿಯರ್ ಬಂದು ನಿಂತಿದ್ದ. ನಲ್ಲಿ ಒಡೆದರೆ ವಾರಗಟ್ಟಲೆ ಮುಖ ತೋರಿಸದ ಇಲಾಖೆಗೆ ಅವತ್ತು ರೆಕ್ಕೆ ಬಂದಿತ್ತು!

"ಜೀರ್ಣ ಕಟ್ಟಡ ಅಂತ ಬರೆದುಬಿಡಿ ಸಾಹೇಬ್. ಇಡೀ ಪೋಳ್ ಅಪಾಯದಲ್ಲಿದೆ. ನಾಳೆ ಸಭೆಗೆ ನಿಮ್ಮ ವರದಿ ಬೇಕು."

"ಗೋಡೆಯ ಬುಡ ನೋಡಿದಿರಾ?"

"ನೋಡೋದೇನಿದೆ? ಹಳೇದು."

"ಹಾಗಾದರೆ ದೂರ ನಿಲ್ಲಿ."

ಪಂಚರ ಸಮಕ್ಷಮ ಅವಶೇಷ ಸರಿಸಿದರು. ಬುಡದ ಇಟ್ಟಿಗೆಗಳನ್ನು ಹೊರಗಿನಿಂದ ಉಳಿಯಲ್ಲಿ ಕೆತ್ತಿ ತೆಗೆಯಲಾಗಿತ್ತು. ಗಾಯ ಇನ್ನೂ ಕೆಂಪಗಿತ್ತು. ಸಂದಿಯಲ್ಲಿ ಒಂದು ಮರದ ಆಸರೆಗಂಬ, ಅದಕ್ಕೆ ಕಟ್ಟಿದ ಹಗ್ಗ. ಇಟ್ಟಿಗೆ ಕಿತ್ತು, ಗೋಡೆಗೆ ಕಂಬದ ಆಸರೆ ಕೊಟ್ಟು, ಬೇಕಾದ ಹೊತ್ತಿಗೆ ಎಳೆದಿದ್ದರು. ಪಂಚನಾಮೆಯಲ್ಲಿ ಹಯವದನ ಒಂದೊಂದನ್ನೂ ಬರೆಸಿದರು. ಎಂಜಿನಿಯರ್ ಬೆವರು ಒರೆಸಿಕೊಂಡ.

"ಸಂದಿಯ ಬಾಗಿಲ ಬೀಗ ಮುರಿದಿಲ್ಲ ಸಾಹೇಬ್," ಎಂದಳು ಜಶುಬೆನ್. "ಕೀಲಿ ಪೋಳಿನ ಗುಡಿಯಲ್ಲಿ ತೂಗುಹಾಕಿರುತ್ತೆ. ಒಳಗಿನವರಿಗೆ ಮಾತ್ರ ಗೊತ್ತು."

ಹಯವದನ ಮನೆಮನೆಯ ಅಡುಗೆಮನೆಗೆ ಇಣುಕಿದರು. ಎಲ್ಲೂ ಒಲೆ ಹೊತ್ತಿರಲಿಲ್ಲ. ತೊಳೆದ ಸ್ಟವ್‌ಗಳ ಮೇಲೆ ಕುಂಕುಮ, ಹೂವು. ಅವತ್ತು ಶೀತಳಾ ಸಾತಮ್. ಹಿಂದಿನ ದಿನವೇ ಮಾಡಿಟ್ಟ ತಣ್ಣನೆಯದನ್ನು ತಿಂದು, ಒಲೆಗೆ ಪೂಜೆ ಮಾಡಿ, ಗುಜರಾತಿ ಮನೆಗಳು ಅದಕ್ಕೆ ರಜೆ ಕೊಡುವ ದಿನ. ವರ್ಷಕ್ಕೊಮ್ಮೆ ಅಡುಗೆಮನೆ ಖಾಲಿ ಇರುವ ಬೆಳಗನ್ನೇ ಗೋಡೆ ಕೆಡವಿದವನು ಆರಿಸಿಕೊಂಡಿದ್ದ. ಅವನಿಗೆ ಗೋಡೆ ಬೀಳಬೇಕಿತ್ತು, ಜೀವ ಹೋಗಬಾರದಿತ್ತು.

"ಇವತ್ತ ಒಲಿ ಹಚ್ಚಬ್ಯಾಡ್ರಿ ಅಂತ ನಿಮಗ ಯಾರರ ಹೇಳಿದ್ರೇನು?" ಎಂದು ಸುಭದ್ರಾಳನ್ನು ಕೇಳಿದರು.

"ಮಾಲಕರು, ಚಂಪಕಭಾಯಿ. ನಿನ್ನೆ ಥೇಪ್ಲಾ ರೊಟ್ಟಿ ಕೊಡಾಕ ಬಂದು ಅತ್ತಿ ಮುಂದ ಹೇಳಿದ್ರಂತ. ಸಂಜಿಮುಂದ ಮತ್ತ ಬಂದು ಹೇಳಿದ್ರು. ಅತ್ತಿ ಎಲ್ಲಾದಕ್ಕೂ ತಲಿ ಆಡಸ್ತಾರ್ರೀ. ಆದ್ರ ಮುಂಜಾನೆ ಬಿಸಿ ಅನ್ನ ಇಲ್ಲಂದ್ರ ಅವರಿಗೆ ಆಗೂದಿಲ್ಲ."

ಬಾಡಿಗೆದಾರರು ವ್ರತ ಮಾಡಲಿ ಬಿಡಲಿ, ಮಾಲೀಕನಿಗೆ ಎರಡು ಸಲ ಬಂದು ಹೇಳುವ ಕಾಳಜಿ ಏಕೆ?

ಎದುರು ಮನೆಯ ಜಗಲಿಯಲ್ಲಿ ಚಂಪಕಭಾಯಿ ಕುಳಿತಿದ್ದ. ವಯಸ್ಸು ಅರವತ್ತರ ಮೇಲೆ. ಬೆರಳುಗಳಿಗೆ ಬಟ್ಟೆ ಸುತ್ತಿತ್ತು. ಬರಿಗೈಯಲ್ಲಿ ಇಟ್ಟಿಗೆ ಬಗೆದು ಗೌರಮ್ಮನನ್ನು ಹೊರಗೆಳೆದವನು ಅವನೇ.

"ಹಗ್ಗ ಎಳೆದದ್ದು ಯಾರು?"

ಚಂಪಕಭಾಯಿ ಬೆರಳಿನ ಬಟ್ಟೆ ಬಿಗಿ ಮಾಡಿಕೊಂಡ.

"ಒಳಗೆ ಯಾರೂ ಇಲ್ಲ ಅಂದುಕೊಂಡಿರಿ, ಅಲ್ವಾ?"

"ಸಾತಮ್ ದಿನ ಯಾರು ಅಡುಗೆಮನೆಯಲ್ಲಿರ್ತಾರೆ ಸಾಹೇಬ್?" ಅವನು ಬಿಕ್ಕಿದ. "ಹೇಳಿದ್ದೆ. ಎರಡೆರಡು ಸಲ ಹೇಳಿದ್ದೆ."

"ಕೆಡವು ಅಂದವರು ಯಾರು?"

"ಬಿಲ್ಡರ್ ಕಡೆಯವನು. ಒಂದು ಗೋಡೆ ಬಿದ್ದರೆ ಸಾಕು, ವಿರೋಧಿಸುವವರ ಬಾಯಿ ಮುಚ್ಚುತ್ತೆ ಅಂದ."

ಭಾರತೀಯ ನ್ಯಾಯ ಸಂಹಿತೆಯಡಿ ಎಫ್‌ಐಆರ್ ದಾಖಲಾಯಿತು. ಹಯವದನ ಬಿಲ್ಡರನ ಏಜೆಂಟನನ್ನು ಎರಡನೇ ಆರೋಪಿಯೆಂದು ಬರೆದರು. ಅವನ ಫೋನ್ ಬಂದ್. ಸೂರತ್ತಿಗೆ ಹೋಗಿದ್ದಾನೆಂದು ಆಫೀಸಿನವರು ಅಂದರು. ಆ ಹೆಸರು ತೆಗೆಯಿರಿ ಎಂದು ಮೇಲಿನಿಂದ ಫೋನ್ ಬಂತು. "ಬರಹದಲ್ಲಿ ಕೊಡಿ ಸಾರ್, ತೆಗೀತೀನಿ," ಎಂದು ಹಯವದನ ಫೋನ್ ಇಟ್ಟುಬಿಟ್ಟರು. ಬರಹ ಬರಲಿಲ್ಲ. ಪಂಚನಾಮೆಯ ಪ್ರತಿ ಅವತ್ತೇ ಸಮಿತಿಗೆ ಹೋಯಿತು.

"ಫ್ಲಾಟಿನ ಆಸೆಗಾ?" ದಸ್ತಗಿರಿಗೆ ಮುಂಚೆ ಹಯವದನ ಕೇಳಿದರು.

"ಲಿಫ್ಟಿರುತ್ತೆ, ಬಾಗಿಲಿಗೇ ಆಂಬುಲೆನ್ಸ್ ಬರುತ್ತೆ ಅಂದಿದ್ದ." ಚಂಪಕಭಾಯಿ ಕಣ್ಣೊರೆಸಿಕೊಂಡ. "ನನ್ನ ಹೆಂಡತಿಗೆ ಎದೆನೋವು ಬಂದಾಗ ಆಂಬುಲೆನ್ಸ್ ಹೆಬ್ಬಾಗಿಲ ಆಚೆಯೇ ನಿಂತಿತು. ಕುರ್ಚಿಯಲ್ಲಿ ಕೂರಿಸಿ ಹೊತ್ತೆವು. ದಾರಿಯಲ್ಲೇ ಹೋದಳು. ಕಾರ್ಪೊರೇಷನ್ನಿನವರೇ ಹೆಬ್ಬಾಗಿಲ ಬಾಯಲ್ಲಿ ಕಸದ ಕಟ್ಟೆ ಕಟ್ಟಿದ್ದಾರೆ. ಅದನ್ನು ಒಡೆಯಿರಿ ಅಂತ ಎಷ್ಟು ಸಲ ಅವರ ಕಾಲು ಹಿಡಿದೆ ಸಾಹೇಬ್. ಒಂದು ಕಟ್ಟೆ! ಇವತ್ತು ಆ ಅಜ್ಜಿಯನ್ನೂ ಹಾಗೇ ಹೊತ್ತೆವು. ಮಂಚದ ಒಂದು ಕಾಲು ನಾನೇ ಹಿಡಿದಿದ್ದೆ."

ಒಂದು ಕೇರಿಯನ್ನೇ ಒಡೆಯಲು ಸಭೆ ಕರೆದವರಿಗೆ ಒಂದು ಕಸದ ಕಟ್ಟೆ ಒಡೆಯಲು ಪುರುಸೊತ್ತಿರಲಿಲ್ಲ. ಹಯವದನರ ಮೈ ಉರಿಯಿತು. ಆ ಅಪರಾಧಕ್ಕೆ ಯಾವ ಸೆಕ್ಷನ್ನೂ ಇರಲಿಲ್ಲ.

ಸಂಜೆ ಐದೂವರೆಗೆ ದಸ್ತಗಿರಿ ದಾಖಲಾಯಿತು. ಪೊಲೀಸ್ ಜೀಪೂ ಒಳಗೆ ಬರಲಾಗದೆ ಕಟ್ಟೆಯ ಆಚೆ ನಿಂತಿತ್ತು. ಆರೋಪಿಯನ್ನು ಅಲ್ಲಿಯವರೆಗೆ ನಡೆಸಿಕೊಂಡೇ ಹೋದರು.